ರಾಕೆಟ್ ಅಕ್ಷರದ ಕೊನೆಯ ಸಾಲು

ನಂಜನಗೂಡಿನ ಅಂಗಡಿ ಬೀದಿಯಲ್ಲಿ ಒಂದು ಸುತ್ತು ಹೊಡೆದರೆ ನನ್ನ ಕೆಲಸ ನಿಮ್ಮ ಕಣ್ಣಿಗೆ ಬೀಳದೇ ಇರುವುದಿಲ್ಲ. ಆ ಜಿಮ್ಮಿನ ಬೋರ್ಡು, ಅದರ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯದು, ಎದುರಿನ ಡ್ರೈವಿಂಗ್ ಸ್ಕೂಲಿನದು, ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲುವ ಬೋರ್‌ವೆಲ್ ಲಾರಿಯ ಹಣೆಯ ಮೇಲಿನದು, ಎಲ್ಲವೂ ನನ್ನ ಕಂಪ್ಯೂಟರಿನಿಂದ ಹೊರಟವು. ಎಲ್ಲಕ್ಕೂ ಒಂದೇ ಅಕ್ಷರಶೈಲಿ. ಒಂದು ಕಾಲದಲ್ಲಿ ಆ ಬೀದಿಯಲ್ಲಿ ನಡೆಯುವಾಗ ನನಗೆ ನೆಲ ಕಾಣುತ್ತಿರಲಿಲ್ಲ, ಅಷ್ಟು ಜಂಬ. ಈಗ ಅದೇ ಬೋರ್ಡುಗಳ ಕೆಳಗೆ ತಲೆ ತಗ್ಗಿಸಿಕೊಂಡು ಹೋಗುತ್ತೇನೆ. ಯಾಕೆ ಅಂತ ಹೇಳಿಬಿಡುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ಅಂಗಡಿ ಬೋರ್ಡು, ಹುಟ್ಟುಹಬ್ಬದ ಫ್ಲೆಕ್ಸು ಇವುಗಳ ವಿನ್ಯಾಸ ಮಾಡಿ ಮೈಸೂರಿಗೆ ಕಳಿಸುತ್ತೇನೆ, ಅಲ್ಲಿ ಅಚ್ಚಾಗಿ ಬರುತ್ತದೆ. ಆ ಅಕ್ಷರಶೈಲಿಯೂ ಮೈಸೂರಿನಿಂದಲೇ ಬಂತು, ಅಚ್ಚಿನ ಮನೆಯವರು ಕೊಟ್ಟ ಒಂದು ಪೆನ್‌ಡ್ರೈವಿನಲ್ಲಿ. ಮೊದಲು ಇಂಗ್ಲಿಷಿನಲ್ಲಿ ಮಾತ್ರ ಇತ್ತಂತೆ, ಆಮೇಲೆ ಯಾರೋ ಪುಣ್ಯಾತ್ಮರು ಅದೇ ಮಾದರಿಗೆ ಕನ್ನಡವನ್ನೂ ಮಾಡಿದ್ದರು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮ್ಮ ಗಿರಾಕಿಗಳ ಬಾಯಲ್ಲಿ ಅದು ರಾಕೆಟ್ ಅಕ್ಷರವಾಯಿತು.

ಕನ್ನಡದ ಅಕ್ಷರ ಹುಟ್ಟಿನಿಂದಲೇ ದುಂಡಗಿನದು. ಇದು ಆ ದುಂಡನ್ನು ಎರಡೂ ಕಡೆಯಿಂದ ಹಿಡಿದೆಳೆದು, ಮೇಲೂ ಕೆಳಗೂ ತಟ್ಟಿ ಚಪ್ಪಟೆ ಮಾಡಿದ ಹಾಗಿತ್ತು. ಗೆರೆ ಎಲ್ಲಿ ನೋಡಿದರೂ ಒಂದೇ ದಪ್ಪ. ತುದಿಯಲ್ಲಿ ಚೂಪಿಲ್ಲ, ಬಳುಕಿಲ್ಲ, ಬಾಲವಿಲ್ಲ. ತಲೆಕಟ್ಟು ತೊಲೆಯ ಹಾಗೆ ನೇರ. ಅಕ್ಷರದ ಹೊಟ್ಟೆಯೊಳಗಿನ ಬಯಲು ಒಂದು ತೆಳ್ಳನೆಯ ಸೀಳಾಗಿ ಉಳಿದಿತ್ತು. ಎತ್ತರಕ್ಕಿಂತ ಅಗಲ ಹೆಚ್ಚುಕಡಿಮೆ ಎರಡು ಪಟ್ಟು. ಮೊದಲ ಸಲ ಪರದೆಯ ಮೇಲೆ ಒಂದು 'ಅ' ಹೊಡೆದು ನೋಡಿದೆ. ಇನ್ನು ಐವತ್ತು ವರ್ಷ ಕಳೆದ ಮೇಲೆ ನಮ್ಮವರು ಚಂದ್ರನ ಮೇಲೆ ಬಸ್ ಸ್ಟ್ಯಾಂಡ್ ಕಟ್ಟಿದರೆ ಅಲ್ಲಿ ಊರಿನ ಹೆಸರು ಬರೆಯುವುದು ಹೀಗೇ ಅನ್ನಿಸಿತು. ನನಗೆ ಹುಚ್ಚು ಹಿಡಿಯಿತು ಅಂತಲೇ ಹೇಳಬೇಕು.

ಬಂದವರಿಗೆಲ್ಲ ಅದನ್ನೇ ಹಾಕಿದೆ. ಕಬಡ್ಡಿ ಹುಡುಗರ ಜೆರ್ಸಿಯ ಬೆನ್ನಿಗೆ ಹಾಕಿದೆ, ಚೆನ್ನಾಗಿ ಬಂತು. ಗದ್ದೆಗೆ ಡ್ರೋನಿನಲ್ಲಿ ಔಷಧಿ ಹೊಡೆಯುವವರ ಕಾರ್ಡಿಗೆ ಹಾಕಿದೆ, ಅದಕ್ಕೆಂದೇ ಹುಟ್ಟಿದ ಹಾಗೆ ಕೂತಿತು. ಒಬ್ಬ ಇಡ್ಲಿ ಹೋಟೆಲಿನವರಿಗೂ ಹಾಕಿಕೊಟ್ಟೆ. ಅವರು ಬೋರ್ಡು ಏರಿಸಿ, ಕೆಳಗೆ ನಿಂತು ನೋಡಿ, "ಮೇಡಂ, ಇಡ್ಲಿ ಕಬ್ಬಿಣದ್ದು ಅನ್ನಂಗಾಯ್ತಲ್ಲ" ಅಂದರು. ಆ ಒಂದು ಬೋರ್ಡು ಬದಲಾಯಿಸಿದೆ, ನಗುತ್ತಲೇ. ಉಳಿದ ಯಾರೂ ಬೇಡ ಅನ್ನಲಿಲ್ಲ. "ಅದೇ ರಾಕೆಟ್ ಆಕ್ಬುಡಿ ಮೇಡಂ" ಅಂತ ಕೇಳಿಕೊಂಡೇ ಬರುತ್ತಿದ್ದರು.

ಅಂಥ ಅಕ್ಷರಕ್ಕೆ ಒಂದು ಕಟ್ಟುಪಾಡಿದೆ. ಅದು ಎರಡು ಮೂರು ಪದಕ್ಕೆ ಮಾತ್ರ. ದೂರದಿಂದ ನೋಡುವುದಕ್ಕೆ, ದೊಡ್ಡದಾಗಿ ಕೂಗುವುದಕ್ಕೆ. ಅದರಲ್ಲಿ ನಾಲ್ಕು ಸಾಲು ಬರೆದರೆ ಓದುವವರ ಕಣ್ಣು ಸುಸ್ತಾಗುತ್ತದೆ. ಬ ಯಾವುದು ಭ ಯಾವುದು ತಿಳಿಯದೆ ಹೋಗುತ್ತದೆ. ಜಾಗವನ್ನಂತೂ ನುಂಗಿ ನೀರು ಕುಡಿಯುತ್ತದೆ. ಅಡ್ಡಕ್ಕೆ ಅಗಲ ತಿನ್ನುತ್ತದೆ, ಕೆಳಗೆ ಒತ್ತಕ್ಷರ ಬಂದರೆ ಸಾಲಿನ ಅಂತರವನ್ನೂ ತಿನ್ನುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಈ ಕೆಲಸ ಕಲಿಯಲು ಬಂದ ಹುಡುಗಿಯರಿಗೆ ನಾನೇ ಹೇಳಿಕೊಟ್ಟ ಮೊದಲ ಪಾಠ ಇದು. ಗೊತ್ತಿಲ್ಲದೆ ಮಾಡಿದ್ದರೆ ಇವತ್ತು ಇಷ್ಟು ಚುಚ್ಚುತ್ತಿರಲಿಲ್ಲ.

ನನ್ನ ತಮ್ಮನ ಮದುವೆ ಗೊತ್ತಾಯಿತು. ಅಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಅಪ್ಪನಿಗೆ ಓಡಾಡುವ ಶಕ್ತಿ ಕಡಿಮೆ. ಹಾಗಾಗಿ ಲಗ್ನಪತ್ರಿಕೆಯ ಪೂರಾ ಜವಾಬ್ದಾರಿ ನನ್ನ ತಲೆಗೆ ಬಂತು. ನನಗೋ ಒಳಗೊಳಗೇ ಕುಣಿದಾಡುವಷ್ಟು ಖುಷಿ. ಊರವರ ಪತ್ರಿಕೆ ಮಾಡುವಾಗ ಗಣಪತಿ ಎಲ್ಲಿರಬೇಕು, ಬಣ್ಣ ಯಾವುದಿರಬೇಕು ಅಂತ ಗಿರಾಕಿಯೇ ಹೇಳುತ್ತಾನೆ. ಇದು ನಮ್ಮನೆಯದು, ಯಾರೂ ಅಡ್ಡ ಬರುವವರಿಲ್ಲ. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ನಮ್ಮ ನೆಂಟರ ಮನೆಮನೆಗೂ ಹೋಗುತ್ತದೆ. ಕೈಗೆ ತಗೊಂಡವರು ಯಾರು ಮಾಡಿದ್ದು ಅಂತ ಕೇಳಲೇಬೇಕು. ಮದುವೆ ತಮ್ಮನದಾದರೂ ಪತ್ರಿಕೆ ನನ್ನದು ಅಂದುಕೊಂಡೆ.

ಆ ದಿನಗಳಲ್ಲೇ ದೊಡ್ಡವ್ವ ಅಂಗಡಿಗೆ ಬಂದಳು. ದೊಡ್ಡವ್ವ ಅಂದರೆ ನಮ್ಮಮ್ಮನ ಅಕ್ಕ. ನರಸೀಪುರದಿಂದ ಸೋಮನಾಥಪುರದ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಅವಳ ಮನೆ. ಗಂಡ ಹೋಗಿ ಬಹಳ ಕಾಲವಾಗಿದೆ, ಮಕ್ಕಳಿಲ್ಲ. ಹಾಗಂತ ಅಯ್ಯೋ ಪಾಪ ಅನ್ನುವ ಹೆಂಗಸಲ್ಲ. ಭತ್ತದ ನಾಟಿಗೆ ಹೋಗುವ ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಯಾರ ಗದ್ದೆಗೆ ಯಾವತ್ತು ಇಳಿಯಬೇಕು ಅನ್ನುವುದು ಅವಳ ಬಾಯಿಂದಲೇ ಬರಬೇಕು. ಗದ್ದೆಯ ಯಜಮಾನರೇ ಅವಳ ಮುಂದೆ ದನಿ ತಗ್ಗಿಸಿ ಮಾತಾಡುವುದನ್ನು ನೋಡಿದ್ದೇನೆ. ಅಮ್ಮ ಆಸ್ಪತ್ರೆಯಲ್ಲಿದ್ದ ತಿಂಗಳುಗಳಲ್ಲಿ ನಾಟಿಯ ಕಾಲವನ್ನೇ ಬಿಟ್ಟು ನಮ್ಮ ಮನೆಯಲ್ಲಿ ನಿಂತು ಮುದ್ದೆ ತಿರುವಿ ನಮಗೆಲ್ಲ ಹಾಕಿದವಳು ಅವಳು. ಶಾಲೆಯ ಮುಖ ಕಂಡವಳಲ್ಲ. ಎಲ್ಲಿ ಸಹಿ ಬೇಕೋ ಅಲ್ಲಿ ಹೆಬ್ಬೆಟ್ಟು.

ಅವತ್ತು ಸೋಮವಾರ, ದೇವಸ್ಥಾನಕ್ಕೆ ಬಂದಿದ್ದಳು. ಪ್ರಸಾದದ ಪೊಟ್ಟಣ ನನ್ನ ಮೇಜಿನ ಮೇಲಿಟ್ಟು ಕಂಪ್ಯೂಟರಿನ ಪರದೆ ನೋಡಿದಳು. ತಮ್ಮನ ಹೆಸರು ರಾಕೆಟ್ ಅಕ್ಷರದಲ್ಲಿ ಆ ತುದಿಯಿಂದ ಈ ತುದಿಯವರೆಗೆ ಮಲಗಿತ್ತು.

"ಇದು ನಮ್ಮೈದನ ಎಸ್ರಾ ಮಗ?"

"ಹೂಂ ದೊಡ್ಡವ್ವ."

"ಎಷ್ಟ್ ದಪ್ಪಕ್ಕದೆ ನೋಡು, ಗೋಡೆ ಕಟ್ದಂಗೆ! ನಂಗೂ ಕಾಣುಸ್ತದೆ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಅವಳು ಹಾಗೆ ನಾಚಿಕೊಂಡದ್ದನ್ನು ನಾನು ನೋಡಿದ್ದೇ ಅವತ್ತು. "ನನ್ನೆಸ್ರೂ ಆಕೀಯಾ ಮಗ?"

"ಹಾಕದೆ ಬಿಡ್ತೀನಾ? ಅಮ್ಮನ ಕಡೆಯಿಂದ ನೀನೇ ಅಲ್ವಾ ದೊಡ್ಡೋಳು."

"ರೇಷನ್ ಕಾರ್ಡಲ್ಲಿ ಅದೆ, ಓಟಿನ ಕಾರ್ಡಲ್ಲಿ ಅದೆ. ಅವೆಲ್ಲ ಸರ್ಕಾರದೋರು ಬರ್ಕೊಂಡಿರೋದು, ಇರುವೆ ಸಾಲು, ಕಣ್ಗೇ ಕಾಣಕಿಲ್ಲ. ನಮ್ಮೋರು ಅಂತ ನನ್ನೆಸ್ರ ಬರ್ದಿದ್ದು ಒಂದೂ ಇಲ್ಲ ಕಣವ್ವ. ನನ್ ಮದ್ವೇಗೆ ಕಾರ್ಡೇ ಆಕಿಸ್ನಿಲ್ಲ, ಬಾಯಲ್ಲೇ ಯೋಳಿದ್ರು. ಒಂದ್ಸಲ ನೋಡ್ಬೇಕು ಅಂತ ಆಸೆ."

ಆಯಿತು ಅಂದೆ. ಅವಳೆದುರಿಗೇ ಪಟ್ಟಿಯ ಕೊನೆಯಲ್ಲಿ ಅವಳ ಹೆಸರು ಹೊಡೆದೆ ಕೂಡ. ಆಗ ಅದು ಮಾಮೂಲಿ ಸಣ್ಣ ಅಕ್ಷರದ ಕಚ್ಚಾಪಟ್ಟಿ. ಅವಳು ಸಂತೋಷದಿಂದ ಬಸ್ಸು ಹತ್ತಿದಳು.

ನಮ್ಮ ಕಡೆಯ ಲಗ್ನಪತ್ರಿಕೆ ನೋಡಿದವರಿಗೆ ಗೊತ್ತು, ಮುಹೂರ್ತಕ್ಕಿಂತ ಮುಖ್ಯವಾದದ್ದು ಅದರಲ್ಲಿರುವ ಹೆಸರುಗಳ ಪಟ್ಟಿ. 'ತಮ್ಮ ಸುಖಾಗಮನವನ್ನು ಬಯಸುವವರು' ಅಂತ ಬರೆದು ಅದರ ಕೆಳಗೆ ಅಜ್ಜಿ ತಾತನಿಂದ ಹಿಡಿದು ಅತ್ತೆ ಮಾವ, ಚಿಕ್ಕಪ್ಪ ದೊಡ್ಡಪ್ಪ, ಕೊನೆಗೆ ಮೊನ್ನೆ ಹುಟ್ಟಿದ ಕೂಸಿನವರೆಗೆ ಹೆಸರು ಹಾಕುತ್ತೇವೆ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರದು ಬಿಟ್ಟುಹೋಯಿತು ಅನ್ನುವುದರ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಎರಡೂ ತಾಲ್ಲೂಕಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಪಟ್ಟಿಯ ಕಟ್ಟಕಡೆಗೆ 'ಮತ್ತು ಬಂಧುಮಿತ್ರರು' ಅಂತ ಒಂದು ಸಾಲು ಇರುತ್ತದೆ. ಆ ಸಾಲು ನಮ್ಮ ಕಸುಬಿನವರಿಗೆ ದೇವರು ಕೊಟ್ಟ ವರ. ಜಾಗ ಸಾಲದಿದ್ದರೆ, ಗಿರಾಕಿಗೆ ಹೆಸರು ಮರೆತಿದ್ದರೆ, ಬೇಡದ ನೆಂಟರಿದ್ದರೆ, ಎಲ್ಲರನ್ನೂ ಅದರೊಳಗೆ ತಳ್ಳಿಬಿಡಬಹುದು.

ವರನ ವಧುವಿನ ಹೆಸರನ್ನು ಮಾತ್ರ ರಾಕೆಟ್ ಅಕ್ಷರದಲ್ಲಿ ಬರೆದು ಪಟ್ಟಿಯನ್ನು ಸಾದಾ ಅಕ್ಷರದಲ್ಲಿ ಹಾಕಿದ್ದರೆ ಎಲ್ಲ ಸರಿಹೋಗುತ್ತಿತ್ತು. ಹಾಗೂ ಹಾಕಿ ನೋಡಿದೆ. ಮೇಲೆ ಅಷ್ಟು ದಪ್ಪ, ಕೆಳಗೆ ಇಷ್ಟು ಸಣಕಲು, ನನಗೆ ಹಿಡಿಸಲಿಲ್ಲ. ಇಡೀ ಪತ್ರಿಕೆ ಒಂದೇ ಅಕ್ಷರದಲ್ಲಿ ಎದ್ದು ನಿಲ್ಲಬೇಕು, ಗಣಪತಿಯ ಚಿತ್ರವಿಲ್ಲ, ಬಾಳೆಕಂಬವಿಲ್ಲ, ಬರೀ ಅಕ್ಷರ. ಆ ಹಟ ಹಿಡಿದುಕೊಂಡೆ. ಪಟ್ಟಿಯನ್ನು ಪೂರಾ ಆಯ್ಕೆ ಮಾಡಿ ರಾಕೆಟ್ ಅಕ್ಷರಕ್ಕೆ ತಿರುಗಿಸಿದ ತಕ್ಷಣ ಅದು ಊದಿಕೊಂಡು ಕಾಗದದ ಅಂಚು ದಾಟಿ ಹೊರಗೆ ಹೋಯಿತು.

ಗಾತ್ರ ಇಳಿಸಿದೆ. ಇನ್ನೂ ಇಳಿಸಿದರೆ ಒಳಗಿನ ಸೀಳುಗಳು ಮುಚ್ಚಿಕೊಂಡು ಬರೀ ಕರಿ ಇಟ್ಟಿಗೆಗಳಾಗುತ್ತಿದ್ದವು. ಮಕ್ಕಳ ಹೆಸರು ತೆಗೆದೆ. ಅಪ್ಪನ ಕಡೆಯ ಹೆಸರು ಒಂದನ್ನು ಮುಟ್ಟಿದರೂ ಮದುವೆ ಮಂಟಪದಲ್ಲೇ ಪಂಚಾಯಿತಿ ಸೇರುತ್ತದೆ, ಅದು ಗೊತ್ತಿತ್ತು. ಇನ್ನೂ ಒಂದು ಸಾಲು ಕಾಗದದ ಹೊರಗೇ ಉಳಿಯಿತು. ಇನ್ನೊಂದು ಪುಟ ಸೇರಿಸಬಹುದಿತ್ತು, ಆದರೆ ಒಂದೇ ಹಾಳೆಯ ಚಂದ ಕೆಡುತ್ತಿತ್ತು. ಆ ಒಂದು ಸಾಲಿನಲ್ಲಿ ಒಂದೇ ಹೆಸರು. ಅಮ್ಮನ ಕಡೆಯಿಂದ ಜಗಳಕ್ಕೆ ಬರುವವರು ಯಾರೂ ಉಳಿದಿರಲಿಲ್ಲ. ದೊಡ್ಡವ್ವನಿಗಂತೂ ಓದಲು ಬರುವುದಿಲ್ಲ.

ಹೌದು, ಹಾಗೇ ಯೋಚಿಸಿದೆ. ಇದನ್ನು ಬೇರೆ ಯಾವ ರೀತಿ ಬರೆದರೂ ಸುಳ್ಳಾಗುತ್ತದೆ. ಅವಳಿಗೆ ಓದಲು ಬರುವುದಿಲ್ಲ ಅನ್ನುವುದು ಆ ಕ್ಷಣದಲ್ಲಿ ನನಗೆ ಅನುಕೂಲವಾಗಿ ಕಂಡಿತು. ಒಂದು ಗುಂಡಿ ಒತ್ತಿದೆ, ಹೆಸರು ಹೋಯಿತು, ಅದರ ಜಾಗಕ್ಕೆ 'ಮತ್ತು ಬಂಧುಮಿತ್ರರು' ಒಂದು ಸಾಲು ಮೇಲೆ ಬಂದು ನೀಟಾಗಿ ಕೂತಿತು. ಪತ್ರಿಕೆ ಎಷ್ಟು ಚಂದ ಕಂಡಿತೆಂದರೆ ನಾನು ಎದ್ದು ದೂರ ನಿಂತು ಎರಡು ಮೂರು ಸಲ ನೋಡಿದೆ. ಪ್ರೂಫನ್ನು ಅಪ್ಪನಿಗೆ ತೋರಿಸಿದೆ. ಅವರು ತಮ್ಮ ಅಣ್ಣತಮ್ಮಂದಿರ ಹೆಸರನ್ನು ಬೆರಳಿಟ್ಟು ಎಣಿಸಿಕೊಂಡು, "ಎಲ್ಲಾ ಬಂದವ್ರೆ, ಕಳಿಸವ್ವ" ಅಂದರು.

ಅಚ್ಚಾಗಿ ಬಂದ ಪತ್ರಿಕೆ ಹಿಡಿದುಕೊಂಡು ನಾನೂ ತಮ್ಮನೂ ನೆಂಟರಿಷ್ಟರನ್ನು ಕರೆಯಲು ಹೊರಟೆವು. ಹೋದಲ್ಲೆಲ್ಲ ಹೊಗಳಿಕೆ. "ಓದಕ್ಕೆ ವಸಿ ತ್ರಾಸು, ಆದ್ರೂ ಏನ್ ಗತ್ತಾಗದೆ ಕಣ್ಲಾ" ಅಂತ ತಮ್ಮನ ಬೆನ್ನಿಗೆ ಗುದ್ದಿದವರೂ ಇದ್ದರು. ನಾನು ಉಬ್ಬಿಹೋದೆ. ದೊಡ್ಡವ್ವನ ಹಳ್ಳಿಗೆ ಹೋದಾಗ ಹೊತ್ತು ನೆತ್ತಿಯ ಮೇಲಿತ್ತು. ನಾಟಿ ಇಲ್ಲದ ಕಾಲ, ಗುಂಪಿನ ನಾಲ್ಕೈದು ಹೆಂಗಸರು ಅವಳ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಎಲ್ಲರೂ ಹೆಚ್ಚುಕಡಿಮೆ ಅವಳ ವಯಸ್ಸಿನವರೇ, ಅವಳಂತೆ ಹೆಬ್ಬೆಟ್ಟಿನವರೇ. ಓದಲು ಬರುವ ಮಕ್ಕಳೆಲ್ಲ ಶಾಲೆಗೆ ಹೋಗಿದ್ದವು.

ತಟ್ಟೆಯಲ್ಲಿ ಅಕ್ಷತೆಯ ಜೊತೆ ಪತ್ರಿಕೆ ಇಟ್ಟು ಕೊಟ್ಟೆವು. ಅವಳು ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಎರಡೂ ಕೈಯಲ್ಲಿ ತಗೊಂಡಳು. ಕಣ್ಣಿಗೊತ್ತಿಕೊಂಡಳು. ಬಿಡಿಸಿದಳು. ನಾನು ಅವಳ ಹೆಸರು ತೆಗೆದದ್ದನ್ನು ಮರೆತೇಬಿಟ್ಟಿದ್ದೆ ಅಂದರೆ ನಂಬುತ್ತೀರೋ ಇಲ್ಲವೋ. ಹೊಗಳಿಕೆಯ ಗುಂಗಿನಲ್ಲಿ ನಿಜವಾಗಿಯೂ ಮರೆತಿದ್ದೆ.

"ನಾನೆಲ್ಲಿವ್ನಿ ಮಗ?" ಅಂದಳು.

ಅವರೆಕಾಯಿ ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು. ಎಲ್ಲರೂ ಬಗ್ಗಿ ನೋಡಿದರು. ಅವಳು ಇವರಿಗೆಲ್ಲ ಮೊದಲೇ ಹೇಳಿಟ್ಟಿದ್ದಳು ಅಂತ ಆಗ ತಿಳಿಯಿತು. ತಮ್ಮ ನನ್ನ ಮುಖ ನೋಡಿದ. ನಿಜ ಹೇಳಿದರೆ ಅಷ್ಟು ಜನರ ಮುಂದೆ ಅವಳ ಮರ್ಯಾದೆ ಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಹೋಗುತ್ತಿದ್ದದ್ದು ನನ್ನ ಮರ್ಯಾದೆ. ನನ್ನ ಬೆರಳು ತಾನಾಗಿ ಪತ್ರಿಕೆಯ ಕೊನೆಯ ಸಾಲಿಗೆ ಹೋಯಿತು.

"ಇಲ್ಲಿ ದೊಡ್ಡವ್ವ."

ಅವಳು ಆ ಸಾಲಿನ ಮೇಲೆ ತೋರುಬೆರಳನ್ನು ಎಡದಿಂದ ಬಲಕ್ಕೆ ಮೆಲ್ಲಗೆ ಎಳೆದಳು. ಅಚ್ಚಿನ ಮಸಿ ಕೈಗೆ ತಾಗುತ್ತದೇನೋ ಅನ್ನುವ ಹಾಗೆ. "ಇಷ್ಟುದ್ದಕ್ಕಾ!" ಅಂದಳು. ಆಮೇಲೆ ಮೇಲಿನ ಸಾಲುಗಳಿಗೆ ಅಳೆದು ನೋಡಿ, "ಏ ನೋಡ್ರಮ್ಮಿ, ಇವ್ರಪ್ಪನ ಕಡೆಯೋರ್ಗಿಂತ ನಂದೇ ಉದ್ದಕ್ಕದೆ" ಅಂತ ಬಾಯಿ ತುಂಬ ನಕ್ಕಳು. ಹೆಂಗಸರೂ ನಕ್ಕರು. ಒಬ್ಬಾಕೆ ಆ ಸಾಲನ್ನು ಮುಟ್ಟಿ ನೋಡಿದಳು. ದೊಡ್ಡವ್ವ ನಮಗೆ ಊಟ ಹಾಕದೆ ಬಿಡಲಿಲ್ಲ. ಹಿತಕಿದ ಬೇಳೆಯ ಸಾರನ್ನು ತಲೆಯೆತ್ತದೆ ಉಂಡು ಎದ್ದೆ. ವಾಪಸ್ ಬರುವಾಗ ಕಾರಿನಲ್ಲಿ ತಮ್ಮ ಒಂದೇ ಮಾತು ಕೇಳಿದ: "ಯಾಕಕ್ಕ ಅಂಗ್ ಮಾಡ್ದೆ?" ನಾನು ಅವನಿಗೆ ರೇಗಿದೆ. ತಪ್ಪು ನಮ್ಮದಿದ್ದಾಗ ರೇಗುವುದಕ್ಕೆ ಹತ್ತಿರದವರೇ ಬೇಕು.

ಮದುವೆಗೆ ದೊಡ್ಡವ್ವ ಬಂದಳು. ಪತ್ರಿಕೆಯನ್ನು ಬ್ಯಾಗಿನಲ್ಲಿಟ್ಟುಕೊಂಡೇ ಬಂದಿದ್ದಳು. ಅವಳು ಯಾರ ಹತ್ತಿರ ಹೋದರೂ ನನ್ನ ಕಣ್ಣು ಅವಳ ಹಿಂದೆಯೇ ಹೋಗುತ್ತಿತ್ತು, ಈಗ ಬ್ಯಾಗು ತೆಗೆದಳು, ಈಗ ಕಾರ್ಡು ಬಿಡಿಸಿದಳು, ಈಗ ಯಾರಾದರೂ ಓದಿ ಹೇಳಿಬಿಡುತ್ತಾರೆ ಅಂತ. ಧಾರೆಯ ಹೊತ್ತಿನಲ್ಲಿ ತಮ್ಮನ ಮುಖ ನೋಡುವುದನ್ನು ಬಿಟ್ಟು ಅವಳ ಬ್ಯಾಗು ನೋಡಿದೆ. ಯಾರೂ ಹೇಳಲಿಲ್ಲ. ಅಥವಾ ಹೇಳುವ ಮನಸ್ಸು ಬರಲಿಲ್ಲವೋ ಏನೋ.

ಆಮೇಲೆ ನಾನು ಅವಳ ಊರಿಗೆ ಹೋಗುವುದನ್ನೇ ಬಿಟ್ಟೆ. ಫೋನು ಮಾಡಿದರೆ ಅಂಗಡಿಯಲ್ಲಿ ಜನ ಇದ್ದಾರೆ ಅನ್ನುತ್ತಿದ್ದೆ. ರಾಕೆಟ್ ಅಕ್ಷರವನ್ನೂ ಬಿಟ್ಟೆ ಅಂತ ಬರೆಯಬೇಕೆಂದು ಆಸೆ, ಆದರೆ ಬಿಡಲಿಲ್ಲ. ಗಿರಾಕಿ ಕೇಳುತ್ತಿದ್ದರು, ನಾನು ಹಾಕಿಕೊಡುತ್ತಿದ್ದೆ. ಪ್ರತಿ ಸಲ ಆ ದಪ್ಪ ಕರಿ ಅಕ್ಷರ ಪರದೆಯ ಮೇಲೆ ಅಗಲವಾಗುವಾಗ ಅವಳ ಬೆರಳು ಅದರ ಮೇಲೆ ಎಡದಿಂದ ಬಲಕ್ಕೆ ಹೋದ ಹಾಗಾಗುತ್ತಿತ್ತು. ಆದರೂ ಕೆಲಸ ಮುಗಿಸಿ ಕಳಿಸುತ್ತಿದ್ದೆ.

ಒಂದು ವರ್ಷದ ಮೇಲೆ ಅವಳದೇ ಫೋನು ಬಂತು. "ಈ ಭಾನ್ವಾರ ಬಾ ಮಗ. ಒಂದು ತೋರ್ಸ್ಬೇಕು. ಬರ್ದೇ ಓದ್ರೆ ನಾನೇ ಬತ್ತೀನಿ ನಿನ್ನಂಗ್ಡೀಗೆ." ಅಂಗಡಿಗೆ ಬಂದರೆ ಕೆಲಸ ಕಲಿಯುವ ಹುಡುಗಿಯರಿರುತ್ತಾರೆ, ಗಿರಾಕಿಗಳಿರುತ್ತಾರೆ. ನಾನೇ ಹೊರಟೆ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಸೋಮನಾಥಪುರದ ಕಡೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಶಾಲೆಯಿಂದ ಅಲ್ಲಿಗೆ ಪ್ರವಾಸ ಬಂದದ್ದು ನೆನಪಾಯಿತು. ಅಲ್ಲಿನ ವಿಗ್ರಹಗಳ ಕೆಳಗೆ ಕೆತ್ತಿದವರು ತಮ್ಮ ತಮ್ಮ ಹೆಸರು ಕೊರೆದುಕೊಂಡಿದ್ದಾರೆ. ದೇವರ ಪಾದದ ಹತ್ತಿರ ಅಂಗೈಯಗಲದ ಜಾಗವನ್ನು ಅವರು ತಮಗೆ ಬಿಟ್ಟುಕೊಂಡಿದ್ದರು. ಆಗ ಮೇಷ್ಟ್ರು ತೋರಿಸಿದ್ದಕ್ಕೆ ನೋಡಿ ಆಕಳಿಸಿದ್ದೆ. ಬಸ್ಸಿನಲ್ಲಿ ಕೂತು ಅದನ್ನು ನೆನೆದಾಗ ಆಕಳಿಕೆ ಬರಲಿಲ್ಲ.

ದೊಡ್ಡವ್ವ ಜಗುಲಿಯ ಮೇಲೆ ಕಾಯುತ್ತಿದ್ದಳು. ನೀರು ಕೊಟ್ಟು, ಕುಡಿಯುವವರೆಗೂ ತಾಳ್ಮೆಯಿಲ್ಲದೆ ಒಳಗೆ ಹೋಗಿ ಒಂದು ರಟ್ಟನ್ನೂ ಒಂದು ನೋಟುಬುಕ್ಕನ್ನೂ ತಂದು ನನ್ನ ಮಡಿಲಿಗೆ ಹಾಕಿದಳು. ರಟ್ಟಿನ ಮೇಲೆ ಲಗ್ನಪತ್ರಿಕೆಯ ಕೊನೆಯ ಸಾಲನ್ನು ನೀಟಾಗಿ ಕತ್ತರಿಸಿ ಗಂಜಿಯಲ್ಲಿ ಅಂಟಿಸಿತ್ತು. 'ಮತ್ತು ಬಂಧುಮಿತ್ರರು.'

ನೋಟುಬುಕ್ಕು ಬಿಡಿಸಿದೆ. ಪುಟ ಪುಟಕ್ಕೂ ಅದೇ ಸಾಲು. ಪೆನ್ಸಿಲಿನಲ್ಲಿ ಮೊದಲು ಅಕ್ಷರದ ಹೊರಗಿನ ಗೆರೆ ಎಳೆದು, ಆಮೇಲೆ ಒಳಗಿನ ಸೀಳನ್ನು ಬಿಟ್ಟು, ಉಳಿದ ಜಾಗವನ್ನು ತಿದ್ದಿ ತಿದ್ದಿ ಕರ್ರಗೆ ತುಂಬಿದ್ದಳು. ಅಕ್ಷರವನ್ನು ಒಂದು ಗೆರೆಯಲ್ಲಿ ಬರೆಯಬಹುದು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ನಾನು ತೋರಿಸಿದ ಅಕ್ಷರಕ್ಕೆ ಗೋಡೆಯ ದಪ್ಪವಿತ್ತು, ಹಾಗಾಗಿ ಅವಳು ಗೋಡೆಯನ್ನೇ ಕಟ್ಟಿದ್ದಳು. ಮೊದಲ ಪುಟಗಳಲ್ಲಿ ಸೊಟ್ಟ. ಕೊನೆಕೊನೆಗೆ ನನ್ನ ಅಚ್ಚಿಗೂ ಅವಳ ಕೈಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಒತ್ತಕ್ಷರಗಳು ಕೂಡ ಸರಿಯಾದ ಜಾಗದಲ್ಲಿ ಕೂತಿದ್ದವು.

"ಒಂದ್ಸಲ ಬರ್ಯಕ್ಕೆ ಕಾಲ್ ಗಂಟೆ ಬೇಕು ಮಗ. ಈಗ ನಮ್ ನಾಟಿಯೋರ್ದು ಸಂಘ ಮಾಡ್ತಾವ್ರೆ, ನನ್ನೇ ಅಧ್ಯಕ್ಷೆ ಮಾಡವ್ರೆ. ಮೊದ್ಲುನೆ ಮೀಟಿಂಗಲ್ಲಿ ಹಾಜ್ರಿ ಪುಸ್ತಕಕ್ಕೆ ಎಲ್ರೂ ಹೆಬ್ಬೆಟ್ಟು ಒತ್ತುದ್ರು. ನಾನು ಸೈನ್ ಆಕ್ತೀನಿ ಅಂದೆ. ಎಲ್ಲಾ ಕಾಯ್ಕೊಂಡು ಕೂತಿದ್ರು, ಪಾಪ. ನಂದು ದೊಡ್ಡದಲ್ವಾ, ಎರಡ್ ಸಾಲು ಬುಟ್ಕೊಟ್ರು."

ಅವರು ಎರಡು ಸಾಲು ಬಿಟ್ಟುಕೊಟ್ಟಿದ್ದರು. ನಾನು ಒಂದನ್ನೂ ಕೊಟ್ಟಿರಲಿಲ್ಲ.

"ಬರೋ ವಾರ ನರಸೀಪುರದಲ್ಲಿ ಆಫೀಸ್ರ ಮುಂದೆ ಸೈನ್ ಆಕ್ಬೇಕು" ಅಂದಳು. "ಅಲ್ಲಿ ತಪ್ಪಾದ್ರೆ ಮಾನ ಓಯ್ತದೆ. ಬೇರೆಯೋರ್ಗೆ ತೋರ್ಸಕ್ಕೆ ನಾಚ್ಕೆ, ನೀನಾದ್ರೆ ಓದ್ದೋಳು, ನೀನೇ ಬರ್ದಿದ್ದು. ಎಲ್ಲಾದ್ರೂ ತಪ್ಪದಾ ನೋಡ್ಯೋಳು ಮಗ."

ಇನ್ನೂ ಒಂದು ಸುಳ್ಳಿಗೆ ಜಾಗವಿತ್ತು. ಸರಿಯಾಗಿದೆ ದೊಡ್ಡವ್ವ ಅನ್ನಬಹುದಿತ್ತು. ಆಫೀಸಿನವರು ಸಹಿ ಅಂದರೆ ಹೇಗಿದ್ದರೂ ಸಹಿ ಅಂತ ಬಿಟ್ಟುಬಿಡಬಹುದು. ಅಥವಾ ಅಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿ, ಹನ್ನೆರಡು ಹೆಂಗಸರ ಮುಂದೆ ನಕ್ಕುಬಿಡಬಹುದು. ನನ್ನ ಕಣ್ಣಲ್ಲಿ ನೀರು ಬಂತು, ಅದಕ್ಕೂ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಳುವುದಕ್ಕೆ ನನಗೇನು ಹಕ್ಕಿತ್ತು?

"ದೊಡ್ಡವ್ವ, ಇದು ನಿನ್ನ ಹೆಸರಲ್ಲ" ಅಂದೆ.

ಅವಳಿಗೆ ಅರ್ಥವಾಗಲಿಲ್ಲ. "ಎಲ್ ತಪ್ಪದೆ?" ಅಂತ ಪುಸ್ತಕದ ಮೇಲೆ ಬಗ್ಗಿದಳು.

"ನೀನು ತಪ್ಪು ಬರೆದಿಲ್ಲ. ನಾನು ನಿನ್ನ ಹೆಸರನ್ನೇ ಹಾಕಿರಲಿಲ್ಲ. ನೀನು ಕೇಳಿದಾಗ ಸುಳ್ಳು ತೋರಿಸಿದೆ."

ಬೀದಿಯಲ್ಲಿ ಒಂದು ಟ್ರಾಕ್ಟರು ಹೋಯಿತು, ಅದರ ಸದ್ದು ಪೂರಾ ಅಡಗುವವರೆಗೂ ಅವಳು ರಟ್ಟಿನ ಮೇಲಿನ ಸಾಲನ್ನೇ ನೋಡುತ್ತಿದ್ದಳು.

"ಅಂಗಾದ್ರೆ ಇದೇನು ಬರ್ದಿರೋದು?"

"ಮತ್ತು ಬಂಧುಮಿತ್ರರು ಅಂತ."

"ಅಂಗಂದ್ರೆ?"

"ಹೆಸರು ಹಾಕದೆ ಉಳಿದ ನೆಂಟರೆಲ್ಲ ಅಂತ ದೊಡ್ಡವ್ವ."

"ಓ" ಅಂದಳು. ರಟ್ಟನ್ನು ಮಗುಚಿಟ್ಟು, "ಯಾಕ್ಮಗ ಆಕ್ನಿಲ್ಲ?"

"ಜಾಗ ಇರಲಿಲ್ಲ. ಆ ಅಕ್ಷರ ಅಗಲ, ಜಾಗ ಸಾಲಲಿಲ್ಲ." ನನ್ನ ಬಾಯಿಂದ ಬಂದ ಆ ಮಾತು ನನ್ನ ಕಿವಿಗೇ ಹೇಸಿಗೆಯಾಯಿತು. ಇಂಥ ಸಮಯದಲ್ಲೂ ಅಕ್ಷರದ ಮೇಲೆ ಹಾಕುತ್ತಿದ್ದೆ. "ನಂದೇ ತಪ್ಪು ದೊಡ್ಡವ್ವ. ಚಂದ ಕಾಣಲಿ ಅಂತ ನಿನ್ನ ತೆಗೆದೆ."

ಬೈಯುತ್ತಾಳೆ ಅಂದುಕೊಂಡಿದ್ದೆ. ಗದ್ದೆಯಲ್ಲಿ ಅವಳು ಬೈಯುವುದನ್ನು ಕೇಳಿದವಳು ನಾನು, ಆ ಬೈಗುಳ ನನಗೆ ಬೇಕಿತ್ತು. ಬೈಯಲಿಲ್ಲ. ನೋಟುಬುಕ್ಕನ್ನು ನನ್ನ ಮಡಿಲಿನಿಂದ ತಗೊಂಡು, ಒಂದು ಖಾಲಿ ಪುಟ ಹುಡುಕಿ, ಪೆನ್ಸಿಲನ್ನು ನನ್ನ ಕೈಗಿಟ್ಟಳು.

"ಬರಿ ಈಗ. ದಪ್ಪಕ್ಕೆ ಬ್ಯಾಡ, ಗೋಡೆಯಂಗೆ ಬ್ಯಾಡ. ಎಂಗಿರ್ತದೋ ಅಂಗೆ ಬರಿ."

ಬರೆದೆ. ಸ್ಲೇಟಿನ ಮೇಲೆ ಮಕ್ಕಳಿಗೆ ಬರೆದುಕೊಡುವ ಹಾಗೆ, ದುಂಡಗೆ, ಒಂದೇ ಗೆರೆಯಲ್ಲಿ. ಹಳೆಯ ಕಾಲದ ಹೆಸರು, ಒತ್ತಿಲ್ಲ, ಏನಿಲ್ಲ. ಮೂರೇ ಅಕ್ಷರ. ಬರೆದು ಮುಗಿಸಲು ಒಂದು ಉಸಿರು ಕೂಡ ಬೇಕಾಗಲಿಲ್ಲ.

ಅವಳು ಇನ್ನೂ ಬರೆಯುವುದಿದೆ ಅಂತ ಕಾದಳು. ನಾನು ಪೆನ್ಸಿಲು ಕೆಳಗಿಟ್ಟೆ.

"ಆಯ್ತಾ?"

"ಆಯ್ತು ದೊಡ್ಡವ್ವ."

"ಇಷ್ಟೇಯಾ?"

"ಇಷ್ಟೇ."

ಪುಟವನ್ನು ಹತ್ತಿರ ಎಳೆದುಕೊಂಡು ಆ ಮೂರು ಅಕ್ಷರದ ಮೇಲೆ ತನ್ನ ಹೆಬ್ಬೆಟ್ಟು ಇಟ್ಟಳು. ನಾಟಿ ಮಾಡಿ ಮಾಡಿ ಅಗಲವಾದ ಹೆಬ್ಬೆಟ್ಟು. ಅದರ ಕೆಳಗೆ ಹೆಸರು ಪೂರ್ತಿ ಮುಚ್ಚಿಹೋಯಿತು. ತೆಗೆದು ನೋಡಿದಳು, ಮತ್ತೆ ಇಟ್ಟಳು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅಂತಲೇ ಕೇಳಿದಳು.

"ಇಷ್ಟಕ್ಕೆ ಜಾಗ ಇರ್ನಿಲ್ವಾ ಮಗ?"